ತಣ್ಣಗಾದರು ಅಂದದ್ದೇ ತಪ್ಪಾಯಿತು

ಕಳೆದ ಬೇಸಿಗೆಯಿಂದ ನಮ್ಮ ಮನೆಯಲ್ಲಿ ನನಗೊಂದು ಶಬ್ದ ಬಂದ್ ಆಗಿದೆ. ಮಡಕೆಯ ನೀರು ಬೇಕಾದರೆ ‘ಮಡಕೀದು ಕೊಡು’ ಎನ್ನುತ್ತೇನೆ. ಸಾರು ಆರಿದ್ದರೆ ಸುಮ್ಮನೆ ಉಣ್ಣುತ್ತೇನೆ. ಚಹಾ ಕುಡಿಯುವುದು ತಡವಾದರೆ ನಮ್ಮ ಮನೆಯಾಕೆ ನೀಲಮ್ಮ ಬೇಕಂತಲೇ ಎದುರಿಗೆ ಬಂದು ನಿಂತು, ‘ಯಾಕ್ರೀ, ಚಾ ಏನಾತು?’ ಎಂದು ಕೇಳುತ್ತಾಳೆ. ‘ಬಿಸಿ ಉಳಿದಿಲ್ಲ’ ಎಂದು ನಾನು ಗೊಣಗುತ್ತೇನೆ. ‘ಅಂದ್ರ ಏನಾತು? ಬಾಯಿಬಿಟ್ಟು ಹೇಳ್ರಲ್ಲ!’ ಎಂದು ಸೆರಗು ಬಾಯಿಗೊತ್ತಿಕೊಂಡು ನಗುತ್ತಾಳೆ. ನಗಲಿ ಬಿಡಿ. ಆ ಶಬ್ದ ಮಾತ್ರ ನನ್ನ ನಾಲಿಗೆ ಮೇಲೆ ಬರುವುದಿಲ್ಲ. ಬರೆಯಲಿಕ್ಕೆ ಅಡ್ಡಿಯಿಲ್ಲ, ಇಲ್ಲಿ ಬರೆಯುತ್ತೇನೆ: ತಣ್ಣಗೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹುಟ್ಟಿದವನು ಈ ಶಬ್ದ ಬಿಟ್ಟು ಬದುಕುವುದೆಂದರೆ ಉಪ್ಪಿಲ್ಲದೆ ಉಂಡ ಹಾಗೆ. ನಮ್ಮಲ್ಲಿ ಕಾಲ ಎರಡೇ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಹೊರಗಿನವರು ನಗೆ ಮಾಡುತ್ತಾರೆ. ನಾವು ಅವರಿಗಿಂತ ಜೋರಾಗಿ ನಗೆ ಮಾಡುತ್ತೇವೆ, ಯಾಕೆಂದರೆ ಬೆವರು ನಮ್ಮದು. ಇಂಥ ಸೀಮೆಯಲ್ಲಿ ಒಳ್ಳೆಯದೆಲ್ಲ ತಣ್ಣಗೇ ಇರುತ್ತದೆ. ಬಾಯಾರಿದವರಿಗೆ ನೀರು ಕೊಟ್ಟರೆ ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಎನ್ನುತ್ತಾರೆ. ಮೊಮ್ಮಗುವನ್ನು ನೋಡಿದ ಅಜ್ಜಿಯ ಕಣ್ಣು ತಣ್ಣಗಾಗುತ್ತದೆ. ಪುಣ್ಯವಂತರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು ಎನ್ನುತ್ತಾರಲ್ಲ, ಮೇ ತಿಂಗಳಲ್ಲಿ ಆ ಹೊತ್ತು ಬೆಳಿಗ್ಗೆ ಐದರಿಂದ ಐದೂವರೆ. ಅಷ್ಟರೊಳಗೆ ಪುಣ್ಯವಂತರನ್ನೆಲ್ಲ ನೆನೆದು ಮುಗಿಸಬೇಕು.

ನಾನು ಬೆಳೆದದ್ದು ನರೋಣಾದಲ್ಲಿ. ಅಡುಗೆಮನೆಯ ಮೂಲೆಯಲ್ಲಿ ನೀರಿನ ದೊಡ್ಡ ಹರವಿ ಇತ್ತು. ಅದು ಸದಾ ಜಿನುಗುತ್ತಿದ್ದುದರಿಂದ ಅದರ ಬುಡದಲ್ಲಿ ಒಂದು ಮೊಳದಷ್ಟು ನೆಲ ಒದ್ದೆಯಾಗಿರುತ್ತಿತ್ತು. ಬೇಸಿಗೆ ಸೂಟಿಯಲ್ಲಿ ಆ ಒಂದು ಮೊಳ ನೆಲಕ್ಕೆ ನಾವು ಐದು ಮಕ್ಕಳು ಮತ್ತು ಒಂದು ನಾಯಿ ವಾರಸುದಾರರು. ನಾಯಿ ಮೊದಲೇ ಬಂದು ಮಲಗಿದ್ದರೆ ಮುಗಿಯಿತು, ಅವ್ವ ಅದರ ಪರವಾಗಿ ನಿಲ್ಲುತ್ತಿದ್ದಳು. ‘ಅದಕ್ಕೂ ಜೀವ ಅದ ಇಲ್ಲೋ? ನೀವು ಬಾಯಿ ಇದ್ದವ್ರು, ಬಿಸಲು ಅಂತ ಒದರ್ತೀರಿ. ಅದೇನು ಒದರ್ಬೇಕು?’ ಮನೆಯಿಂದ ಹೊರಬಿದ್ದರೆ ಅಂಗಿಯ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇರಲೇಬೇಕು, ಝಳ ಬಡಿಯಬಾರದೆಂದು. ಏಳನೆಯ ಇಯತ್ತೆಯ ಪರೀಕ್ಷೆಗೆ ತೆಗೆಸಿದ ಫೋಟೊದಲ್ಲೂ ನನ್ನ ಎಡಗಡೆಯ ಕಿಸೆ ಉಬ್ಬಿಕೊಂಡಿದೆ. ಅದನ್ನು ನೋಡಿದವರು ಈ ಹುಡುಗನಿಗೆ ಎದೆಯಲ್ಲಿ ಗಂಟು ಇತ್ತೇ ಎಂದು ಕೇಳುತ್ತಾರೆ.

ಇಂಥವನು ಹೋಗಿ ಭೂಗೋಳದ ಮಾಸ್ತರನಾದೆ. ಮೊದಲ ನೌಕರಿ ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ, ಆಮೇಲೆ ಅಫಜಲಪುರ, ಕೊನೆಗೆ ಆಳಂದದಲ್ಲಿ ನಿವೃತ್ತಿ. ಕೊಳಕೂರಿನ ಶಾಲೆಯ ಗ್ಲೋಬಿನ ಸ್ಟ್ಯಾಂಡ್ ಮುರಿದಿತ್ತು. ಅದನ್ನು ಕಪಾಟಿನಲ್ಲಿ ಹಾಗೆಯೇ ಇಟ್ಟಿದ್ದರಿಂದ ಕೆಳಗಿನ ಭಾಗವನ್ನು ಇಲಿಗಳು ತಿಂದಿದ್ದವು. ಹೀಗಾಗಿ ದಕ್ಷಿಣ ಗೋಳಾರ್ಧವನ್ನು ನಾನು ಬರೀ ಬಾಯಿಂದ ಕಲಿಸಿದೆ. ‘ನಮಗ ಬ್ಯಾಸಗಿ ಇದ್ದಾಗ ಅವರಿಗೆ ಚಳಿಗಾಲ. ಬರಕೊಳ್ರಿ, ಎರಡು ಮಾರ್ಕಿಗೆ ಬರ್ತದ.’ ಒಬ್ಬ ಹುಡುಗಿ ಎದ್ದು ನಿಂತು, ‘ಸರ್ರೀ, ಹಂಗಾದ್ರ ಅವರಿಗೆ ಬ್ಯಾಸಗಿ ಸೂಟಿ ಯಾವಾಗ್ರಿ?’ ಎಂದಳು. ಡಿಸೆಂಬರಿನಲ್ಲಿ ಎಂದೆ. ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ನಿಮ್ಮೆದುರು ಸುಳ್ಳು ಯಾಕೆ, ಒಳಗೊಳಗೆ ನಾನೂ ನಕ್ಕೆ. ಮೂವತ್ತು ವರ್ಷ ಕಲಿಸಿದೆ, ಒಂದು ದಿನವೂ ನಂಬಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಅಂದದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ನಂಬಿಸಿದವಳು ಶಾಹೀನ್. ನಮ್ಮ ಓಣಿಯಲ್ಲೇ ಇರುವ ಮಸ್ತಾನಭಾಯಿಯ ಒಬ್ಬಳೇ ಮಗಳು, ನನ್ನ ಶಿಷ್ಯೆ. ಮಸ್ತಾನಭಾಯಿ ಊರಿಗೆಲ್ಲ ಕೂಲರ್ ರಿಪೇರಿ ಮಾಡುವವನು. ಹೋಳಿ ಮುಗಿದ ಮರುದಿನದಿಂದ ಮಳೆ ಬೀಳುವತನಕ ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಯಾರದೋ ಮಾಳಿಗೆ, ಯಾರದೋ ತಗಡು, ಯಾರದೋ ಕಿಟಕಿಯ ಸಜ್ಜೆ. ಊರೆಲ್ಲ ಅವನು ಕೂಲರಿಗೆ ಹೊಸದಾಗಿ ತುಂಬಿದ ಹುಲ್ಲಿನ ಗಾಳಿಯಲ್ಲಿ ನಿದ್ದೆ ಮಾಡುತ್ತದೆ. ಮಗಳು ನರ್ಸಿಂಗ್ ಕಲಿತು ಎರಡು ವರ್ಷದ ಹಿಂದೆ ತಸ್ಮಾನಿಯಾದ ದವಾಖಾನೆಯೊಂದಕ್ಕೆ ಕೆಲಸಕ್ಕೆ ಹೋದಳು. ತಸ್ಮಾನಿಯಾ ಎಲ್ಲಿದೆ ಎಂದು ಆಳಂದದಲ್ಲಿ ಗೊತ್ತಿದ್ದವನು ಬಹುಶಃ ನಾನೊಬ್ಬನೇ. ಮಸ್ತಾನಭಾಯಿಯನ್ನು ಕೂರಿಸಿಕೊಂಡು, ‘ನೋಡು, ನಮ್ಮ ಕೆಳಗ ಶ್ರೀಲಂಕಾ ಇದ್ದಂಗ ಆಸ್ಟ್ರೇಲಿಯಾದ ಕೆಳಗ ತಸ್ಮಾನಿಯಾ’ ಎಂದು ನಕಾಶೆ ಬಿಡಿಸಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ‘ಕೆಳಗ ಇನ್ನೇನೂ ಇಲ್ಲೇನ್ರಿ ಮಾಸ್ತರ್?’ ಎಂದ. ‘ಬರಫ್ ಅದ, ಬರೀ ಮಂಜುಗಡ್ಡಿ’ ಎಂದೆ. ಇದನ್ನು ಮನೆಯ ಹೆಂಗಸರಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡ.

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ಅವರ ಮನೆಯಲ್ಲಿ ವಿಡಿಯೊ ಕರೆ ನಡೆದಿತ್ತು. ನಾನು ತೊಯ್ದ ಟವೆಲ್ ತಲೆಗೆ ಸುತ್ತಿಕೊಂಡು ನೀಲಮ್ಮನ ಜೊತೆ ಹೋಗಿ ಇಣುಕಿದೆ. ಫೋನಿನೊಳಗೆ ಶಾಹೀನ್ ದಪ್ಪ ಸ್ವೆಟರ್, ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಚಹಾದ ಬಟ್ಟಲು ತಬ್ಬಿಕೊಂಡು ಕೂತಿದ್ದಳು. ಹಿಂದಿನ ಕಿಟಕಿಯಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ. ನಾನು ಹೌಹಾರಿಬಿಟ್ಟೆ.

‘ಅಯ್ಯಯ್ಯ! ಅಂದ್ರ ಖರೇನ ಅದ ಏನು ಇದು?’

‘ಕಾಕಾ, ನೀವೇ ಅಲ್ರಿ ಕಲಿಸಿದವ್ರು?’ ಎಂದಳು ಶಾಹೀನ್.

‘ಕಲಿಸೀನವ್ವಾ. ನೋಡಿದ್ದಿಲ್ಲ.’

ನೀಲಮ್ಮ ಮನೆಗೆ ಬಂದಮೇಲೂ ಬಿಡಲಿಲ್ಲ. ‘ಮೂವತ್ತು ವರ್ಷ ಪಗಾರ ತಗೊಂಡೀರಿ. ನಿಮಗೇ ಖರೇ ಅನಿಸಿದ್ದಿಲ್ಲಂದ್ರ ಹುಡುಗ್ರಿಗೆ ಏನು ಹೇಳಿದ್ರಿ?’ ಒಂದೇ ಸೂರ್ಯ, ಒಂದೇ ಮೇ ತಿಂಗಳು, ಇಲ್ಲಿ ಅಂಗಳಕ್ಕೆ ಹಾಸಿದ ಫರ್ಸಿ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಬೊಬ್ಬೆ, ಅಲ್ಲಿ ಹುಲ್ಲಿನ ಮೇಲೆ ಹಿಮ. ಆ ದಿನವೆಲ್ಲ ಕಂಡಕಂಡವರಿಗೆ ಅದನ್ನೇ ಹೇಳಿಕೊಂಡು ತಿರುಗಿದೆ. ಯಾರೂ ನಂಬಲಿಲ್ಲ. ಬಿಸಿಲು ಮಾಸ್ತರರ ತಲೆಗೇರಿದೆ ಎಂದುಕೊಂಡರು.

ಅದಾದ ನಾಲ್ಕೇ ದಿನಕ್ಕೆ ನಮ್ಮ ಕೂಲರ್ ಕೆಟ್ಟಿತು. ಅದು ಕೆಟ್ಟದ್ದು ಹನ್ನೊಂದು ಗಂಟೆಗೆ. ಮಸ್ತಾನಭಾಯಿಗೆ ಫೋನ್ ಮಾಡಿದರೆ, ‘ಮಾಸ್ತರ್, ಮುಂಜಾನಿಂದ ಮೂರು ಮನಿ ಆತ್ರಿ. ತಲಿ ಗಿಮ್ ಅಂತದ. ಸಂಜೀಕೆ ಬರ್ತೇನಿ’ ಎಂದ. ಆಗ ನಾನು ಹೌದು ಎನ್ನಬೇಕಿತ್ತು. ಅನ್ನಲಿಲ್ಲ. ‘ಸಂಜೀತನಕ ನಾ ಇಲ್ಲಿ ಕುದೀಲೇನು? ಐದು ಮಿನಿಟಿನ ಕೆಲಸ, ಬಂದುಹೋಗು ಮಾರಾಯ’ ಎಂದೆ. ನೀಲಮ್ಮ ಕಣ್ಣು ಬಿಟ್ಟಳು, ನಾನು ನೋಡದವನ ಹಾಗೆ ಮಾಡಿದೆ. ಹೇಳಿಕೇಳಿ ಅವನು ಅರವತ್ತು ದಾಟಿದವನು. ಸಂಕೋಚದ ಮನುಷ್ಯ, ಬಂದೇಬಿಟ್ಟ.

ನಮ್ಮ ಕೂಲರ್ ಇರುವುದು ಹಿತ್ತಲ ಕಡೆಯ ತಗಡಿನ ಮೇಲೆ. ಅವನು ಏರಿದ. ನಾನು ಕೆಳಗೆ ನೆರಳಲ್ಲಿ ನಿಂತು ಮಾಸ್ತರಿಕೆ ಮಾಡಿದೆ: ವಾಯರ್ ನೋಡು, ಪಂಪ್ ನೋಡು, ಹುಲ್ಲು ಎಳೆದು ನೋಡು. ಸ್ವಲ್ಪ ಹೊತ್ತಿನ ಮೇಲೆ ಅವನು ಮೇಲಿನಿಂದ ಕೈ ಚಾಚಿ, ‘ಶಾಹೀನ್, ನಟ್ಟು ಬಿಚ್ಚೋ ಪಾನಾ ಕೊಡವ್ವಾ’ ಎಂದ. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ‘ಶಾಹೀನ್, ಸಾಲಿಗೆ ಹೋಗಿಲ್ಲೇನು ಇವತ್ತು?’ ಎಂದ. ಅವನ ಕಣ್ಣು ನನ್ನನ್ನು ನೋಡುತ್ತಲೇ ಇರಲಿಲ್ಲ. ಏಣಿ ಹತ್ತಿ ಅವನ ಕೈ ಹಿಡಿದರೆ ರೊಟ್ಟಿ ಬೇಯುವ ಹಂಚು ಮುಟ್ಟಿದಂತಾಯಿತು. ಅಷ್ಟು ಬಿಸಿಲಲ್ಲಿ ಅವನ ಮೈಮೇಲೆ ಒಂದು ಹನಿ ಬೆವರಿರಲಿಲ್ಲ.

ಹೇಗೆ ಇಳಿಸಿದೆವೋ, ಹೇಗೆ ಆಟೊ ಬಂತೋ, ಈಗಲೂ ಪೂರ್ತಿ ನೆನಪಾಗುವುದಿಲ್ಲ. ನೀಲಮ್ಮ ದಾರಿಯುದ್ದಕ್ಕೂ ಅವನ ತಲೆಗೆ ನೀರು ಸುರಿಯುತ್ತಿದ್ದಳು. ಅವನ ಹೆಂಡತಿ ಜೈತುನಬಿ ಓಡುತ್ತಲೇ ದವಾಖಾನೆಗೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸವೆಂದರೆ ಮಗಳಿಗೆ ಫೋನ್ ಹಚ್ಚಿ, ‘ನಿಮ್ಮ ಅಬ್ಬಾ ಬಿದ್ದಾರ, ಮಾತಾಡವಲ್ರು’ ಎಂದು ಅತ್ತದ್ದು. ಅಷ್ಟಕ್ಕೇ ಜೈತುನಬಿಯ ಫೋನಿನ ಚಾರ್ಜ್ ಮುಗಿಯಿತು.

ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಒಂದೇ ನೋಟಕ್ಕೆ ಝಳ ಬಡಿದಿದೆ ಎಂದು ಹೇಳಿದರು. ಅಂಗಿ ಕಳೆಸಿ ತೊಯ್ದ ಚಾದರ ಹೊದಿಸಿದರು, ಎರಡೂ ಬಗಲಿಗೆ ಬರಫ್ ಇಟ್ಟರು, ಸಲೈನ್ ಹಚ್ಚಿದರು, ಎರಡು ಫ್ಯಾನ್ ತಂದು ತಿರುಗಿಸಿದರು. ‘ಉಳಿತಾರೇನ್ರಿ?’ ಎಂದು ನಾನು ಕೇಳಿದೆ. ಕೇಳುವಾಗ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು, ಅಂಥ ಮಧ್ಯಾಹ್ನದಲ್ಲಿ. ‘ಮೈ ತಣ್ಣಗಾಗೋತನಕ ನಾ ಏನೂ ಹೇಳಾಕ ಬರಂಗಿಲ್ರಿ’ ಎಂದರು.

ಆಮೇಲಿನ ಒಂದು ತಾಸು ಆ ಕೋಣೆಯ ಹೊರಗೆ ನಮ್ಮ ಮೂವರ ಬಾಯಲ್ಲಿ ಇದ್ದದ್ದು ಅದೊಂದೇ ಶಬ್ದ. ಜೈತುನಬಿ ಅಲ್ಲಾಹನ ಹೆಸರು ಹಿಡಿದು ಠಂಡಾ ಮಾಡು ಎಂದು ಬೇಡುತ್ತಿದ್ದಳು. ನೀಲಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ತಣ್ಣಗ ಮಾಡಪ್ಪಾ ಎನ್ನುತ್ತಿದ್ದಳು. ನಾನು ಯಾರನ್ನು ಬೇಡಬೇಕೆಂದು ತಿಳಿಯದೆ ಒಳಗೆ ತಿರುಗುತ್ತಿದ್ದ ಫ್ಯಾನನ್ನೇ ಬೇಡಿಕೊಂಡೆ. ಐದು ಮಿನಿಟಿನ ಕೆಲಸ ಎಂದು ಅವನನ್ನು ಬಿಸಿಲಿಗೆ ಕರೆದವನು ನಾನು. ಸತ್ತರೆ ನಾನು ಕೊಂದಂತೆ. ಇದನ್ನು ಯಾರೂ ನನಗೆ ಅನ್ನಲಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ.

ಕೊನೆಗೆ ಒಳಗಿನಿಂದ ಸಿಸ್ಟರ್ ಬಂದು, ‘ಮೈ ತಣ್ಣಗಾತ್ರಿ. ಕಣ್ಣು ಬಿಟ್ಟಾರ, ಹೆಸರು ಹೇಳ್ಯಾರ. ಇನ್ನ ಹೆದ್ರಬ್ಯಾಡ್ರಿ’ ಎಂದಳು. ಜೈತುನಬಿ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನನಗೆ ಗಂಡಸುತನ ಗಿಂಡಸುತನ ಎಲ್ಲ ಮರೆತು ಅಳು ಒತ್ತರಿಸಿ ಬಂತು. ಸರಿಯಾಗಿ ಅದೇ ಗಳಿಗೆಗೆ ನನ್ನ ಫೋನ್ ಬಡಕೊಂಡಿತು. ಶಾಹೀನ್.

ಈಗ ನಾನು ಅವಳಿಗೆ ಏನೇನು ಹೇಳಿದೆ ಎಂಬುದನ್ನು ಒಂದೂ ಬಿಡದೆ ಬರೆಯುತ್ತೇನೆ. ಪ್ರತಿಯೊಂದೂ ನಿಜ. ಪ್ರತಿಯೊಂದೂ ಸಂತೋಷದಲ್ಲೇ ಆಡಿದ್ದು. ಆಡುವಾಗ ಮಾತ್ರ ಅಳುತ್ತಿದ್ದೆ.

‘ಕಾಕಾ, ಅಬ್ಬಾ ಹೆಂಗದಾರ್ರಿ?’

‘ತಣ್ಣಗಾದ್ರವ್ವಾ! ನಿಮ್ಮ ಅಬ್ಬಾ ತಣ್ಣಗಾದ್ರು!’

ಆ ಕಡೆ ಸದ್ದಿಲ್ಲ. ಕೇಳಿಸಲಿಲ್ಲವೇನೋ, ಕನ್ನಡ ಮರೆತಳೇನೋ ಎಂದುಕೊಂಡು ನಾನು ಅವಳ ಮನೆಮಾತಿಗೇ ಇಳಿದೆ. ‘ಪೂರಾ ಠಂಡೇ ಹೋಗಯೇ ಬೇಟಾ! ಫಿಕರ್ ನಕ್ಕೋ ಕರ್.’ ಪೂರ್ತಿ ತಣ್ಣಗಾದರು, ಚಿಂತೆ ಮಾಡಬೇಡ ಎಂದು.

ಇನ್ನಷ್ಟು ಧೈರ್ಯ ಹೇಳೋಣ ಎನಿಸಿತು. ‘ಡಾಕ್ಟರ್ ತಮ್ಮ ಕೈಲಾದದ್ದು ಎಲ್ಲಾ ಮಾಡಿದ್ರವ್ವಾ. ಇನ್ನ ಅವರಿಗೆ ಏನೂ ತ್ರಾಸಿಲ್ಲ. ನಿಮ್ಮ ಅಮ್ಮೀ ಸಂಗಾಟ ನಾವದೀವಿ. ನೀ ಗಡಬಡಿಸಿ ಬರಾಕ ಹೋಗಬ್ಯಾಡ, ನೀ ಬರೂದ್ರಾಗ ಇಲ್ಲಿ ಎಲ್ಲಾ ಮುಗಿದಿರ್ತದ.’

ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಲೈನ್ ಕಟ್ಟಾಯಿತು. ನೆಟ್‌ವರ್ಕ್ ಹೋಯಿತು, ತಸ್ಮಾನಿಯಾ ಅಂದರೆ ಹತ್ತಿರವೇ ಎಂದುಕೊಂಡು ನಾನು ಕಣ್ಣೊರೆಸಿಕೊಂಡೆ. ಒಂದು ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ಸಮಾಧಾನದಲ್ಲಿ ಹೊರಗೆ ಹೋಗಿ ಒಂದು ಗ್ಲಾಸು ಮಜ್ಜಿಗೆ ಕುಡಿದು ಬಂದೆ. ಹೌದು, ಮಜ್ಜಿಗೆ ಕುಡಿದೆ.

ಬಂದಮೇಲೆ ನೀಲಮ್ಮ ಕೇಳಿದಳು, ‘ಶಾಹೀನಗ ಏನಂತ ಹೇಳಿದ್ರಿ?’

ಹೇಳಿದೆ. ಮೊದಲಿನಿಂದ ಕೊನೆಯತನಕ.

ನೀಲಮ್ಮ ಕೂತಲ್ಲಿಂದ ಎದ್ದು ನಿಂತಳು. ‘ಏನಂದ್ರಿ? ಇನ್ನೊಮ್ಮೆ ಅನ್ರಿ?’

‘ತಣ್ಣಗಾದ್ರು ಅಂತ...’ ಎನ್ನುತ್ತಿದ್ದಂತೆಯೇ ನನ್ನ ಕಿವಿಗೂ ಅದು ಕೇಳಿಸಿತು. ಅಯ್ಯೋ ದೇವರೇ! ಹುಟ್ಟಿದಾಗಿನಿಂದ ಎಷ್ಟು ಮನೆಯ ಕಟ್ಟೆಯ ಮೇಲೆ ಕೇಳಿದ ಮಾತು ಅದು. ‘ಬೆಳಗಿನ ಜಾವಕ್ಕ ಅಜ್ಜ ತಣ್ಣಗಾದ’ ಎಂದು ನಾವೇ ಹೇಳುತ್ತೇವಲ್ಲ. ಉರ್ದುವಿನಲ್ಲೂ ಅದೇ ಮಾತು, ಅದೇ ಅರ್ಥ! ಒಂದೇ ಭಾಷೆಯಲ್ಲಿ ಸಾಯಿಸಿದ್ದು ಸಾಲದೆಂದು ಎರಡು ಭಾಷೆಯಲ್ಲಿ ಸಾಯಿಸಿದ್ದೆ. ಮೇಲೆ ಡಾಕ್ಟರು ಕೈಲಾದದ್ದು ಮಾಡಿದರು ಬೇರೆ! ಇನ್ನು ತ್ರಾಸಿಲ್ಲ ಬೇರೆ! ನೀನು ಬರುವಷ್ಟರಲ್ಲಿ ಮುಗಿದಿರುತ್ತದೆ ಬೇರೆ!

ಫೋನ್ ಹಚ್ಚಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮತ್ತೆ ಹಚ್ಚಿದೆ. ಬೆವರಿಗೆ ಬೆರಳು ಜಾರುತ್ತಿತ್ತು. ವಾಟ್ಸಾಪಿನಲ್ಲಿ ‘ಜೀವಂತ ಇದ್ದಾರೆ’ ಎಂದು ಬರೆದೆ. ಅದು ಸಾಲದೆನಿಸಿ ‘ನಿಮ್ಮ ತಂದೆಯವರು’ ಎಂದು ಬರೆದೆ. ಧ್ವನಿ ಕಳಿಸೋಣವೆಂದು ಒತ್ತಿ ಹಿಡಿದರೆ ‘ಅವ್ವಾ, ಅವ್ವಾ’ ಎಂಬುದು ಬಿಟ್ಟು ಬೇರೇನೂ ಹೊರಡಲಿಲ್ಲ. ಅದನ್ನು ಕಳಿಸಿದ್ದರೆ ಇನ್ನೊಮ್ಮೆ ಸಾಯಿಸಿದಂತಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಹುಡುಗರಿಂದ ಕಾಪಿ ಬರೆಸಿಲ್ಲ ನಾನು. ನೀಲಮ್ಮ ಫೋನ್ ಕಸಿದುಕೊಂಡು ತಾನೇ ಸರಿಯಾಗಿ ಮಾತಾಡಿ ಕಳಿಸಿದಳು. ಅದರ ಕೆಳಗೆ ಒಂದು ಟಿಕ್ ಗುರುತು ಬಂತು, ಎರಡನೆಯದೂ ಬಂತು. ಅವು ನೀಲಿಯಾಗಲಿಲ್ಲ.

ಅಲ್ಲಿ ಆಗಲೇ ಸಂಜೆಯಾಗಿ ಕತ್ತಲು ಬಿದ್ದಿರುತ್ತದೆ ಎಂಬುದು ನೆನಪಾಯಿತು. ಗೊತ್ತಿದ್ದ ಭೂಗೋಳವೆಲ್ಲ ಒಮ್ಮೆಗೇ ಮೈಮೇಲೆ ಬಂತು. ಆ ಚಳಿ, ಆ ಹಿಮ, ಕೆಳಗೆ ಬರಫ್ ಬಿಟ್ಟರೆ ಏನೂ ಇಲ್ಲದ ಆ ದ್ವೀಪ. ಅಲ್ಲೊಂದು ಕೋಣೆಯಲ್ಲಿ ಅಪ್ಪ ಸತ್ತನೆಂದು ನಂಬಿದ ಹುಡುಗಿ. ಪಕ್ಕದಲ್ಲಿ ಕೈ ಹಿಡಿಯುವವರು ಯಾರೂ ಇಲ್ಲ. ಅವಳ ಅಪ್ಪ ಇಲ್ಲಿ ಬಾಗಿಲಾಚೆ ಸಿಸ್ಟರನ್ನು ಚಹಾ ಕೇಳುತ್ತಿದ್ದಾನೆ.

ಒಳಗೆ ಹೋಗಿ ಮಸ್ತಾನಭಾಯಿಯ ಕಾಲ ಹತ್ತಿರ ನಿಂತೆ. ‘ಮಸ್ತಾನಭಾಯಿ, ನನ್ನಿಂದ ದೊಡ್ಡ ತಪ್ಪಾತು’ ಎಂದೆ.

‘ಬಿಡ್ರಿ ಮಾಸ್ತರ್. ನಾ ಏನು ಸಣ್ಣ ಹುಡುಗ ಏನ್ರಿ? ಬ್ಯಾಡ ಅನ್ನಾಕ ನನಗ ಬಾಯಿ ಇದ್ದಿಲ್ಲೇನು?’ ಎಂದ, ಬಿಸಿಲಿನ ಮಾತೆಂದು ತಿಳಿದು.

‘ಅದಲ್ಲ. ಶಾಹೀನಗ ನೀ ಸತ್ತಿ ಅಂತ ಹೇಳಿಬಿಟ್ಟೀನಿ.’

ಅವನು ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿದ. ಸಲೈನ್ ಸೂಜಿ ಇದ್ದ ಕೈಯನ್ನೇ ಊರಿ ಏಳಲು ಹೊರಟ. ‘ನನ್ನ ಕೂಸು ಅಲ್ಲಿ ಒಬ್ಬಾಕೀನೇ ಅದಾಳ್ರಿ! ಫೋನ್ ಹಚ್ರಿ! ಹಚ್ರಿ ಅಂದ್ರ!’ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಆವತ್ತಿನವರೆಗೆ ಕೇಳಿರಲಿಲ್ಲ. ಸಿಸ್ಟರ್ ಬಂದು ಹಿಡಿದು ಮಲಗಿಸಿದಳು.

ಒಂದೂವರೆ ತಾಸು. ಅಷ್ಟು ಹೊತ್ತು ಶಾಹೀನ್ ಹೊರಗಿನ ಅಂಗಳದಲ್ಲಿ ಕೂತಿದ್ದಳಂತೆ. ಫೋನ್ ಒಳಗೆ ನೆಲದ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಅದೇ ಮನೆಯಲ್ಲಿರುವ ಜೊತೆಯ ಹುಡುಗಿ ಕೆಲಸ ಮುಗಿಸಿ ಬಂದವಳು ಅದು ಬಡಕೊಳ್ಳುವುದನ್ನು ಕೇಳಿ ಎತ್ತಿ ತಂದು ಅವಳ ಕೈಗೆ ಕೊಟ್ಟಳಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ನಮಗೆ ಕಂಡದ್ದು ಫೋನಿನಲ್ಲಿ ಕತ್ತಲು, ಒಂದು ಹಳದಿ ದೀಪ, ಅದರ ಕೆಳಗೆ ಶಾಹೀನಳ ಮುಖ. ಉಸಿರು ಬಿಟ್ಟಾಗಲೆಲ್ಲ ಬಾಯಿಂದ ಬೆಳ್ಳನೆಯ ಹೊಗೆ ಬರುತ್ತಿತ್ತು. ಫೋನನ್ನು ಸುಮ್ಮನೆ ಮಸ್ತಾನಭಾಯಿಯ ಮುಖದೆದುರು ಹಿಡಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

‘ಸ್ವೆಟರ್ ಕಾಂ ಹೈ ತೇರಾ? ಎಲ್ಲದ ಸ್ವೆಟರ್?’ ಎಂದ ಮಸ್ತಾನಭಾಯಿ.

ಆಗಲೇ ನಾವೂ ನೋಡಿದ್ದು. ಅವಳ ಮೈಮೇಲೆ ತೆಳ್ಳನೆಯ ಒಂದು ಕುಪ್ಪಸದಂಥ ಅಂಗಿ ಬಿಟ್ಟರೆ ಏನೂ ಇರಲಿಲ್ಲ. ಟೊಪ್ಪಿಗೆಯಿಲ್ಲ, ಶಾಲಿಲ್ಲ. ಮೂಗು ಕೆಂಪಾಗಿ, ಭುಜ ಗಡಗಡ ನಡುಗುತ್ತಿತ್ತು.

‘ಹೊರಗ ಬರಫ್ ಬಿದ್ದದ, ಬರೀ ಅಂಗಿ ಮ್ಯಾಲೆ ಕುಂತಾಳ ನೋಡ್ರಿ ಈಕಿ! ನರ್ಸ್ ಅಂತ ನರ್ಸ್! ಖಬರ್ ಅದ ಇಲ್ಲೋ ನಿನಗ? ಯಾರು ಹೇಳಿದ್ರು ಹೊರಗ ಕುಂದ್ರಾಕ? ಏಳು! ಒಳಗ ನಡಿ ಮೊದಲ! ಕಾಲಾಗ ಚಪ್ಪಲಿನಾದ್ರೂ ಅದಾವೋ ಇಲ್ಲೋ!’ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ, ಏದುಸಿರು ಬಿಡುತ್ತಿದ್ದರೂ ನಿಲ್ಲಿಸದೆ ಬೈಯತೊಡಗಿದ. ಜೈತುನಬಿ ಸಾಕು ಎಂದು ಅವನ ಭುಜ ಹಿಡಿದಳು. ಕೇಳಲಿಲ್ಲ. ಸಿಸ್ಟರ್ ಬಾಗಿಲವರೆಗೆ ಬಂದು, ನೋಡಿ, ತಿರುಗಿ ಹೋದಳು.

ಕೊನೆಗೆ ಉಸಿರು ಸಾಲದೆ ಅವನು ನಿಲ್ಲಿಸಿದ. ಶಾಹೀನ್ ಎದ್ದಿರಲಿಲ್ಲ, ಒಳಗೂ ಹೋಗಿರಲಿಲ್ಲ. ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡು, ಧಾರಾಕಾರ ಅಳುತ್ತ, ‘ನಿಲ್ಲಸಬ್ಯಾಡ್ರಿ ಅಬ್ಬಾ. ಬೈರಿ. ಇನ್ನೂ ಬೈರಿ’ ಎಂದಳು.

ಮಸ್ತಾನಭಾಯಿ ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಕಣ್ಣೀರು ಎರಡೂ ಕಡೆಯಿಂದ ಇಳಿದು ಕಿವಿಯೊಳಗೆ ಹೋಗುತ್ತಿತ್ತು. ನನ್ನ ಕಡೆ ಮುಖ ಹೊರಳಿಸಿ ಮೆಲ್ಲಗೆ ಕೇಳಿದ: ‘ಮಾಸ್ತರ್, ಇನ್ನ ಏನಂತ ಬೈಲಿರಿ?’